ಮಡ್‌ಗಾರ್ಡ್ ಹೊಸದಾಯಿತು, ಸ್ಟೇರಿಂಗ್ ನಡುಗುತ್ತಲೇ ಇತ್ತು

ಅಪಘಾತವಾದ ಕಾರು ಗ್ಯಾರೇಜಿನಿಂದ ಫಳಫಳ ಹೊಳೆಯುತ್ತಾ ಆಚೆ ಬರುತ್ತದೆ. ಕೀಲಿ ಕೈಗೆ ಕೊಡುವ ಮೊದಲು ಒಂದು ಕಾಗದ ಮುಂದಿಡುತ್ತಾರೆ. ರಿಪೇರಿ ತೃಪ್ತಿಕರವಾಗಿದೆ ಎಂದು ಅದರಲ್ಲಿ ಸಹಿ ಹಾಕಬೇಕು. ಇಂಗ್ಲೆಂಡಿನ ರೀಡಿಂಗ್ ಪಟ್ಟಣದಲ್ಲಿರುವ ನಾವು ಮೂರು ಕನ್ನಡ ಕುಟುಂಬಗಳು ಕಳೆದ ವರ್ಷ ಐದು ವಾರಗಳ ಕಾಲ ಆ ಸಹಿ ಹಾಕಲಿಲ್ಲ. ನಮ್ಮ 1967ರ ಮಾರಿಸ್ ಮೈನರ್ ಕಾರು ಗಂಟೆಗೆ 45 ಮೈಲಿ, ಅಂದರೆ ಸುಮಾರು 72 ಕಿ.ಮೀ. ದಾಟಿದೊಡನೆ ಸ್ಟೇರಿಂಗ್ ಚಳಿಜ್ವರ ಬಂದವರ ಕೈಯಂತೆ ನಡುಗುತ್ತಿತ್ತು.

ಮೂರು ಮನೆಗೆ ಒಂದು ಹಳೇ ಕಾರು ಏಕೆ ಎಂದು ಊರಿನವರು ಕೇಳುತ್ತಲೇ ಇರುತ್ತಾರೆ. ದಿನದ ಓಡಾಟಕ್ಕೆ ಎಲ್ಲರ ಬಳಿಯೂ ಬೇರೆ ಕಾರಿದೆ. ಇದು ಭಾನುವಾರದ ಸಂಭ್ರಮಕ್ಕೆ, ಖರ್ಚು ಮೂರು ಪಾಲು ಮಾಡಿಕೊಂಡು ಕೊಂಡದ್ದು. ನಮ್ಮ ಮನೆಯ ಕಸುಬು ಲೆಕ್ಕಪತ್ರ. ದಾವಣಗೆರೆಯ ಗೆಳೆಯರದು ಸಾಫ್ಟ್‌ವೇರ್. ಉಡುಪಿ ಕಡೆಯ ದಂಪತಿಗಳಿಬ್ಬರೂ ಆಸ್ಪತ್ರೆಯಲ್ಲಿ ನರ್ಸ್‌ಗಳು. ಅವರ ಮಗಳಿಗೆ ಹದಿನೇಳು ತುಂಬಿತ್ತು, ಡ್ರೈವಿಂಗ್ ಕಲಿಯುತ್ತಿದ್ದಳು, ಅದೂ ಈ ಕಾರಿನಲ್ಲಿಯೇ ಎಂದು ಹಟ ಹಿಡಿದಿದ್ದಳು. ಸಹಿ ಹಾಕದಿರಲು ಆ ಹುಡುಗಿಯೇ ದೊಡ್ಡ ಕಾರಣ.

ಕಾರಿನ ಬಗ್ಗೆ ಎರಡು ಮಾತು. ಇಲ್ಲಿನ ಹಳೇ ಕಾರಿನ ಹುಚ್ಚರ ಮುಂದೆ ಇದನ್ನು ವಿಂಟೇಜ್ ಎಂದರೆ ಮುಖ ಸಿಂಡರಿಸುತ್ತಾರೆ. ಅವರ ಲೆಕ್ಕದಲ್ಲಿ ವಿಂಟೇಜ್ ಅಂದರೆ 1919ರಿಂದ 1930ರ ನಡುವಿನವು, ನಮ್ಮದು ಬರೀ ಕ್ಲಾಸಿಕ್. ಇರಲಿ, ನಮ್ಮ ಊರಲ್ಲಿ ಅಜ್ಜನ ಕಾಲದ್ದೆಲ್ಲ ವಿಂಟೇಜೇ. ಮಾರಿಸ್ ಮೈನರ್ ಮೊದಲು ಬಂದದ್ದು 1948ರಲ್ಲಿ. ವಿನ್ಯಾಸ ಅಲೆಕ್ ಇಸಿಗೋನಿಸ್ ಅವರದು, ಮುಂದೆ ಮಿನಿ ಕಾರನ್ನು ರೂಪಿಸಿದವರೂ ಅವರೇ. ಮಾದರಿ ಕಾರು ಸಿದ್ಧವಾದ ಮೇಲೆ ತೀರಾ ಇಕ್ಕಟ್ಟು ಅನ್ನಿಸಿ, ಅದನ್ನು ಉದ್ದಕ್ಕೆ ಸೀಳಿಸಿ, ನಡುವೆ ನಾಲ್ಕು ಇಂಚು ಸೇರಿಸಿ ಅಗಲ ಮಾಡಿಸಿದ್ದರು. ಬಾನೆಟ್ಟಿನ ನಡುವೆ ಕಾಣುವ ಪಟ್ಟಿ ಆ ನಾಲ್ಕು ಇಂಚಿನ ಗುರುತು. ಒಟ್ಟು ಸುಮಾರು 16 ಲಕ್ಷ ಕಾರುಗಳು ತಯಾರಾದವು. ನಮ್ಮ ದೇಶದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಇದನ್ನೇ 'ಬೇಬಿ ಹಿಂದೂಸ್ತಾನ್' ಎಂದು ಮಾರಿತ್ತು. ಇದರ ಅಣ್ಣನಂಥ ಮಾರಿಸ್ ಆಕ್ಸ್‌ಫರ್ಡ್ ಅಂಬಾಸಿಡರ್ ಆಗಿ 2014ರ ತನಕ ನಮ್ಮ ರಸ್ತೆಗಳಲ್ಲಿ ತಯಾರಾಗಿ ಓಡಿತು. ಈ ಸಂಬಂಧ ಮುಂದೆ ನಮ್ಮ ನೆರವಿಗೆ ಬಂತು.

ಅಪಘಾತ ದೊಡ್ಡದೇನಲ್ಲ. ಎಡಗಡೆಯ ಅಡ್ಡರಸ್ತೆಯಿಂದ ನುಗ್ಗಿದ ಒಂದು ವ್ಯಾನು ಕಾರಿನ ಮುಂದಿನ ಎಡ ಮೂಲೆಗೆ ಗುದ್ದಿತು. ಮುಂದಿನ ಎಡ ಚಕ್ರ ರಸ್ತೆಯಂಚಿನ ಕಲ್ಲಿಗೆ ಬಡಿಯಿತು. ಯಾರಿಗೂ ಗಾಯವಿಲ್ಲ. ತಪ್ಪು ವ್ಯಾನಿನವರದೆಂದು ಒಪ್ಪಿಗೆಯಾಯಿತು. ನಮ್ಮ ವಿಮಾ ಕಂಪನಿ ತನ್ನ ಪಟ್ಟಿಯಲ್ಲಿದ್ದ ಗ್ಯಾರೇಜಿಗೆ ಕಾರನ್ನು ಎಳೆಸಿತು. ಹೊಸ ಮಡ್‌ಗಾರ್ಡ್, ಹೆಡ್‌ಲೈಟು, ತಿದ್ದಿದ ಬಂಪರ್, ಹೊಸ ಬಣ್ಣ, 3,900 ಪೌಂಡ್ ಬಿಲ್ಲು. ಮೈನರ್ ಕಾರಿನ ಮುಂದಿನ ಮಡ್‌ಗಾರ್ಡುಗಳು ಬೋಲ್ಟಿನಲ್ಲಿ ನಿಲ್ಲುವಂಥವು. ಬಿಚ್ಚಿ ಹೊಸದು ಕೂರಿಸುವುದು ಸುಲಭ. ಆ ಸುಲಭದಲ್ಲೇ ಅಪಾಯವೂ ಇದೆ, ಏಕೆಂದರೆ ಒಳಗಿನ ಕಬ್ಬಿಣ ಎಷ್ಟೇ ಸೊಟ್ಟಗಾಗಿದ್ದರೂ ಹೊರಗಿನ ತಗಡು ನೆಟ್ಟಗೆ ಕಾಣುತ್ತದೆ.

ನಡುಕದ ಬಗ್ಗೆ ಹೇಳಿದಾಗ ಗ್ಯಾರೇಜಿನವರು ಮೂರು ಸಲ ವೀಲ್ ಬ್ಯಾಲೆನ್ಸಿಂಗ್ ಮಾಡಿಕೊಟ್ಟರು. ಮೂರನೆಯ ಸಲ, ಇಷ್ಟು ಹಳೇ ಕಾರು ಸ್ವಲ್ಪ ನಡುಗುವುದು ಸಹಜ ಎಂದರು. ಗುದ್ದುವ ಹಿಂದಿನ ದಿನ ನಡುಗದಿದ್ದ ಕಾರು ಗುದ್ದಿದ ಮೇಲೆ ಒಮ್ಮೆಗೇ ಮುದಿಯಾಗುವುದು ಹೇಗೆ?

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವಿದೆ. ಬ್ರಿಟನ್ನಿನಲ್ಲಿ ವರ್ಷಕ್ಕೊಮ್ಮೆ ಕಾರಿಗೆ ಎಂಒಟಿ ಎಂಬ ಸುರಕ್ಷತಾ ತಪಾಸಣೆ ಆಗಬೇಕು. 2018ರ ಮೇ ತಿಂಗಳಿಂದ, ದೊಡ್ಡ ಮಾರ್ಪಾಡು ಮಾಡಿಸದೆ 40 ವರ್ಷ ದಾಟಿದ ಕಾರುಗಳಿಗೆ ಅದರಿಂದ ವಿನಾಯಿತಿ. ಆದರೆ ವಿನಾಯಿತಿ ತಪಾಸಣೆಗೆ ಮಾತ್ರ, ಹೊಣೆಗಲ್ಲ. ಅಪಾಯಕಾರಿ ಸ್ಥಿತಿಯ ವಾಹನ ಓಡಿಸಿದರೆ 2,500 ಪೌಂಡ್ ತನಕ ದಂಡ, ಲೈಸೆನ್ಸಿನ ಮೇಲೆ ಮೂರು ಪಾಯಿಂಟ್. ಸರ್ಕಾರ ನೋಡುವುದಿಲ್ಲ ಎಂದ ಮೇಲೆ ನೋಡಬೇಕಾದವರು ನಾವೇ.

ಹಾಗಾಗಿ ನೋಡಲು ಶುರು ಮಾಡಿದೆವು. ಮೊದಲ ಭಾನುವಾರ ಸ್ಪ್ಯಾನರ್ ಮುಟ್ಟಲಿಲ್ಲ. ಬರೀ ಪಟ್ಟಿ ಬರೆದೆವು. ಒಂದೇ ರಸ್ತೆ, ಎರಡೇ ಮೈಲಿ ಉದ್ದ, ಒಬ್ಬರು ಓಡಿಸುವುದು, ಇನ್ನೊಬ್ಬರು ಬರೆಯುವುದು. 40 ಮೈಲಿಯಲ್ಲಿ ಏನೂ ಇಲ್ಲ, 44ಕ್ಕೆ ಶುರು, 48ಕ್ಕೆ ಅತಿ ಹೆಚ್ಚು, 55ಕ್ಕೆ ಹೆಚ್ಚುಕಡಿಮೆ ಮಾಯ. ಬ್ರೇಕ್ ಒತ್ತಿದರೆ ಹೆಚ್ಚಾಗುತ್ತದೆಯೇ? ಇಲ್ಲ. ಕ್ಲಚ್ ಒತ್ತಿ ಎಂಜಿನ್ ಬಿಡಿಸಿದರೆ ನಿಲ್ಲುತ್ತದೆಯೇ? ಇಲ್ಲ. ನಡುಕ ಕೈಗೆ ಸಿಗುತ್ತದೋ, ಸೀಟಿಗೆ ಸಿಗುತ್ತದೋ? ಕೈಗೆ. ಈ ಕೆಲವು ಪ್ರಶ್ನೆಗಳಿಗೆ ಕಾಸಿಲ್ಲದೆ ಉತ್ತರ ಸಿಕ್ಕಿದಾಗಲೇ ಅರ್ಧ ಕಾರು ಪಟ್ಟಿಯಿಂದ ಹೊರಬಿತ್ತು. ಬ್ರೇಕಿನಿಂದ ಬದಲಾಗದಿದ್ದರೆ ಬ್ರೇಕ್ ಡ್ರಮ್ಮಿನ ಮೇಲೆ ಅನುಮಾನ ಕಡಿಮೆ. ಕ್ಲಚ್ಚಿನಿಂದ ನಿಲ್ಲದಿದ್ದರೆ ಎಂಜಿನ್ ನಿರ್ದೋಷಿ. ಹಿಂದಿನ ಚಕ್ರದ ತೊಂದರೆ ಸಾಮಾನ್ಯವಾಗಿ ಸೊಂಟಕ್ಕೆ ಗೊತ್ತಾಗುತ್ತದೆ, ಮುಂದಿನದು ಕೈಗೆ.

ದಾವಣಗೆರೆಯ ಗೆಳೆಯರಿಗೆ ಇಷ್ಟು ಸಾಲಲಿಲ್ಲ. ಮೊಬೈಲನ್ನು ಸ್ಟೇರಿಂಗಿಗೆ ಟೇಪಿನಿಂದ ಬಿಗಿದು, ಅಲುಗಾಟ ಅಳೆಯುವ ಒಂದು ಆ್ಯಪ್ ಹಾಕಿದರು. 48 ಮೈಲಿಯಲ್ಲಿ ಸೆಕೆಂಡಿಗೆ ಸುಮಾರು 12 ಸಲ ಅಲುಗಾಟ ಎಂದು ಅದು ತೋರಿಸಿತು. ಲೆಕ್ಕ ನಮ್ಮದು. 48 ಮೈಲಿ ವೇಗವೆಂದರೆ ಸೆಕೆಂಡಿಗೆ ಇಪ್ಪತ್ತೊಂದೂವರೆ ಮೀಟರ್. ಹದಿನಾಲ್ಕು ಇಂಚಿನ ರಿಮ್ಮಿನ ಈ ಕಾರಿನ ಟೈರು ಒಂದು ಸುತ್ತಿಗೆ ಸುಮಾರು 1.8 ಮೀಟರ್ ಉರುಳುತ್ತದೆ. ಭಾಗಿಸಿದರೆ ಸೆಕೆಂಡಿಗೆ 12 ಸುತ್ತು. ಚಕ್ರ ಒಮ್ಮೆ ಸುತ್ತಿದರೆ ನಡುಕ ಒಮ್ಮೆ, ಸರಿಯಾಗಿ ತಾಳೆಯಾಯಿತು. ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟು ಈ ಕಾರಿನಲ್ಲಿ ಚಕ್ರದ ನಾಲ್ಕು ಪಟ್ಟಿಗಿಂತ ಹೆಚ್ಚು ಬೇಗ ತಿರುಗುತ್ತದೆ. ಅದರದೇ ದೋಷವಾಗಿದ್ದರೆ ಸೆಕೆಂಡಿಗೆ 50ರ ಹತ್ತಿರ ಬರಬೇಕಿತ್ತು. ಹೀಗೆ ಅದೂ ಪಟ್ಟಿಯಿಂದ ಹೋಯಿತು.

ಉಳಿದದ್ದು ಮುಂದಿನ ಎರಡು ಚಕ್ರ. ಮುಂಭಾಗವನ್ನು ಜಾಕಿನಿಂದ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು (ಬರೀ ಜಾಕ್ ನಂಬಿ ಕಾರಿನಡಿ ತಲೆ ಹಾಕಬೇಡಿ), ರಿಮ್ಮಿನ ಅಂಚಿಗೆ ತಾಗುವ ಹಾಗೆ ಒಂದು ಪೆನ್ಸಿಲನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿ ಚಕ್ರ ತಿರುಗಿಸಿದೆವು. ಬಲ ಚಕ್ರ ಪೆನ್ಸಿಲನ್ನು ಸವರುತ್ತಾ ತಿರುಗಿತು. ಎಡ ಚಕ್ರ ಒಂದು ಕಡೆ ಪೆನ್ಸಿಲನ್ನು ತಳ್ಳಿ, ಇನ್ನೊಂದು ಕಡೆ ಮೂರು ಮಿಲಿಮೀಟರ್ ದೂರ ಸರಿಯಿತು. ಕಲ್ಲಿಗೆ ಬಡಿದ ರಿಮ್ ಬಾಗಿತ್ತು.

ಹಾಗಾದರೆ ಮೂರು ಸಲದ ಬ್ಯಾಲೆನ್ಸಿಂಗ್ ಏನಾಯಿತು? ಬ್ಯಾಲೆನ್ಸ್ ಅಂದರೆ ತೂಕದ ಹಂಚಿಕೆ. ಸೊಟ್ಟ ರಿಮ್ಮಿಗೂ ಲೋಹದ ತುಂಡು ಅಂಟಿಸಿ ತೂಕ ಸರಿದೂಗಿಸಬಹುದು. ಯಂತ್ರ ಸೊನ್ನೆ ತೋರಿಸುತ್ತದೆ, ಚಕ್ರ ಮಾತ್ರ ಸೊಟ್ಟಗೇ ಉರುಳುತ್ತದೆ. ಇನ್ನೊಂದು ವಿಷಯವೂ ಇದೆ. ಈಗಿನ ಯಂತ್ರಗಳು ಚಕ್ರವನ್ನು ನಡುವಿನ ತೂತಿನಿಂದ ಹಿಡಿಯುತ್ತವೆ. ಹಳೇ ಕಾರಿನ ಚಕ್ರ ಕೇಂದ್ರಕ್ಕೆ ಕೂರುವುದು ಸುತ್ತಲಿನ ನಟ್ಟುಗಳಿಂದ, ನಡುವಿನ ತೂತು ಅಷ್ಟು ನಿಖರವಾಗಿರಬೇಕೆಂದೇನೂ ಇಲ್ಲ. ನಟ್ಟಿನ ತೂತುಗಳಿಂದಲೇ ಹಿಡಿಯುವ ತಟ್ಟೆಯೊಂದು ಯಂತ್ರಕ್ಕೆ ಸಿಗುತ್ತದೆ. ಹಳೇ ಕಾರು ಇರುವವರು ಅದನ್ನು ಕೇಳಿ ಹಾಕಿಸಿಕೊಳ್ಳಬೇಕು.

ಎಡ ಚಕ್ರದ ಬದಲು ಸ್ಟೆಪ್ನಿ ಹಾಕಿ ಅದೇ ರಸ್ತೆಯಲ್ಲಿ ಓಡಿಸಿದೆವು. ಬೇರೇನನ್ನೂ ಮುಟ್ಟಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲವಾದರೆ ಯಾವುದರಿಂದ ಏನಾಯಿತು ತಿಳಿಯುವುದಿಲ್ಲ. 48 ಮೈಲಿಯ ನಡುಕ ಅರ್ಧಕ್ಕಿಂತ ಕಡಿಮೆಯಾಯಿತು. ಗ್ಯಾರೇಜಿನವರು ಖುಷಿಯಾಗಿ ಹೊಸ ರಿಮ್ ಕೊಡಲು ಒಪ್ಪಿ, ಮತ್ತೆ ಸಹಿಯ ಕಾಗದ ತಂದರು. ಉಡುಪಿಯವರಿಗೂ ಸಾಕಾಗಿತ್ತು. ನಮಗೆ ಮನಸ್ಸು ಬರಲಿಲ್ಲ. ಬ್ಯಾಂಕ್ ತಾಳೆಪಟ್ಟಿಯಲ್ಲಿ ಐದು ಸಾವಿರದ ವ್ಯತ್ಯಾಸವಿದ್ದು, ಮೂರು ಸಾವಿರದ ಒಂದು ಚೆಕ್ಕು ಸಿಕ್ಕಿದರೆ ಕಡತ ಮುಚ್ಚುವುದಿಲ್ಲ. ಉಳಿದ ಎರಡು ಸಾವಿರಕ್ಕೆ ಬೇರೆ ಕಾರಣವಿರುತ್ತದೆ, ಅದು ದೊಡ್ಡದಕ್ಕಿಂತ ಕೆಟ್ಟದ್ದೂ ಆಗಿರಬಹುದು.

ಆ ವಾರ ತಿಪಟೂರಿನಲ್ಲಿರುವ ದೊಡ್ಡಪ್ಪನ ಜೊತೆ ಫೋನಿನಲ್ಲಿ ಮಾತಾಡುವಾಗ ವಿಷಯ ಬಂತು. ಅವರು ಇಪ್ಪತ್ತೆರಡು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಎರಡೂ ಕಾರುಗಳ ಮುಂದಿನ ಕಾಲಿನ ಕಟ್ಟು ಒಂದೇ ಜಾತಿ. ಸುರುಳಿ ಸ್ಪ್ರಿಂಗಿನ ಬದಲು ಉದ್ದಕ್ಕೆ ಮಲಗಿಸಿದ ಟಾರ್ಷನ್ ಬಾರ್ ತಿರುಚಿಕೊಂಡು ಭಾರ ಹೊರುತ್ತದೆ.

"ಸುಮ್ಕೆ ಓಡ್ತಿರುವಾಗ ನಡುಗ್ತದೋ, ಗುಂಡಿಗೆ ಬಿದ್ದ ಮೇಲೆ ನಡುಗ್ತದೋ?" ಎಂದು ಕೇಳಿದರು.

"ಎರಡೂ ಇದೆ ದೊಡ್ಡಪ್ಪ. ವೇಗದಲ್ಲಿ ಸ್ವಲ್ಪ. ಮ್ಯಾನ್‌ಹೋಲ್ ಮುಚ್ಚಳ ಹತ್ತಿಸಿದರೆ ಮೂರು ನಾಲ್ಕು ಸೆಕೆಂಡು ನಿಲ್ಲೋದೇ ಇಲ್ಲ."

"ಹಂಗಾರೆ ಕಾಯಿಲೇನೂ ಎರಡು ಕಣಪ್ಪ. ಚಕ್ರದ್ದು ನೋಡಿದ್ದಾಯ್ತು. ಇನ್ನು ಹಿಡಿಯೋದು ಯಾವುದೋ ಸಡ್ಲ ಆಗದೆ. ಗುದ್ದು ತಿಂದ ಕಡೇನೇ ನೋಡಿ."

ಐದು ಸಾವಿರ ಮೈಲಿ ಆಚೆ ಕೂತು, ಕಾರನ್ನು ಕಾಣದೆ ಕೇಳಿದ ಪ್ರಶ್ನೆ ಇದು. ವೇಗಕ್ಕೆ ತಕ್ಕಂತೆ ಬಂದು ಹೋಗುವ ನಡುಕ ಸಾಮಾನ್ಯವಾಗಿ ಚಕ್ರ, ಟೈರುಗಳದು. ಗುಂಡಿಯ ಪೆಟ್ಟಿನಿಂದ ಹುಟ್ಟಿ, ತಾನೇ ತಾನಾಗಿ ಮುಂದುವರಿಯುವ ಒದರಾಟ ಕೀಲು ಸಡಿಲಾದುದರ ಅಥವಾ ಚಕ್ರ ನಿಂತಿರುವ ಕೋನ ಕೆಟ್ಟದ್ದರ ಲಕ್ಷಣ. ನಮ್ಮಲ್ಲಿ ಮೊದಲನೆಯದು ಎರಡನೆಯದನ್ನು ಮುಚ್ಚಿಟ್ಟಿತ್ತು.

ಮತ್ತೆ ಕಾರು ಎತ್ತಿದೆವು. ಚಕ್ರವನ್ನು ಗಡಿಯಾರದ ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದು ಅಲುಗಾಡಿಸುವುದು, ಆಮೇಲೆ ಒಂಬತ್ತು ಮತ್ತು ಮೂರರಲ್ಲಿ. ಒಂಬತ್ತು ಮೂರರಲ್ಲಿ ಪ್ಲೇ ಇದ್ದರೆ ಸ್ಟೇರಿಂಗಿನ ಕೀಲುಗಳ ಮೇಲೆ ಅನುಮಾನ. ಹನ್ನೆರಡು ಆರರಲ್ಲಿದ್ದರೆ ಬೇರಿಂಗ್ ಇರಬಹುದು, ಇಲ್ಲವೇ ಚಕ್ರ ತಿರುಗಿಕೊಳ್ಳುವ ಪಿನ್ನಿನ ಸವೆತ. ಇವೆರಡನ್ನು ಬೇರೆ ಮಾಡಲು ಒಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು. ಬ್ರೇಕ್ ಒತ್ತಿದಾಗ ಪ್ಲೇ ಹೋದರೆ ಬೇರಿಂಗ್, ಉಳಿದರೆ ಪಿನ್ನು. ಮೈನರ್ ಕಾರಿನಲ್ಲಿ ಈ ಪಿನ್ನು ಮರೆಯಿರುವ ಹಿತ್ತಾಳೆಯಂಥ ಕೀಲಿನಲ್ಲಿ ತಿರುಗುತ್ತದೆ. ಗ್ರೀಸ್ ಕಾಣದೆ ಸವೆದರೆ ಒಂದು ದಿನ ಕಳಚಿ ಚಕ್ರ ಮಡಚಿಕೊಂಡು ಕೂರುತ್ತದೆ. ಈ ಕಾರಿನ ಕುಖ್ಯಾತ ದೌರ್ಬಲ್ಯ ಅದು. ಸದ್ಯ, ನಮ್ಮದು ಎರಡೂ ಕಡೆ ಬಿಗಿಯಾಗಿತ್ತು.

ಉಡುಪಿಯವರು ಸಣ್ಣ ಹಾರೆಯಿಂದ ಕೆಳಗಿನ ತೋಳನ್ನು ಮೆಲ್ಲಗೆ ಮೀಟಿದಾಗ ಗುಟ್ಟು ರಟ್ಟಾಯಿತು. ಕೆಳತೋಳಿನಿಂದ ಮುಂದಕ್ಕೆ, ಷಾಸಿಯ ಮೂತಿಯ ತನಕ ಒಂದು ಸರಳು ಹೋಗುತ್ತದೆ, ಟೈ ಬಾರ್ ಎನ್ನುತ್ತಾರೆ. ಚಕ್ರ ಹಿಂದಕ್ಕೆ ಸರಿಯದಂತೆ ಹಿಡಿಯುವುದೇ ಅದರ ಕೆಲಸ. ಎಡಗಡೆ ಅದರ ರಬ್ಬರ್ ಬುಷ್ ಒಂದು ಬದಿಗೆ ಹಿಂಡಿಹೋಗಿತ್ತು, ಮೀಟಿದಾಗ ತೋಳು ಹಿಂದೆ ಮುಂದೆ ಜಗ್ಗುತ್ತಿತ್ತು. ಇನ್ನೊಂದು ಸಣ್ಣ ವಿಷಯ ಕಣ್ಣಿಗೆ ಬಿತ್ತು. ಬಂಪರಿನ ಕ್ಲಾಂಪಿನ ಹಿಂದೆ ಬಲಗಡೆ ಒಂದು ವಾಷರ್, ಎಡಗಡೆ ಮೂರು. ಬಂಪರ್ ಸಾಲಾಗಿ ಕಾಣಲೆಂದು ಎಡಗಡೆ ವಾಷರ್ ತುಂಬಿಸಿದ್ದರು. ಲೆಕ್ಕ ಕೂಡದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ತಳ್ಳುವುದನ್ನು ಇಪ್ಪತ್ತು ವರ್ಷದಿಂದ ನೋಡಿದ್ದೇವೆ. ಎರಡು ಹೆಚ್ಚುವರಿ ವಾಷರ್ ಬೇಕಾಯಿತೆಂದರೆ ಷಾಸಿಯ ಮೂತಿಯೇ ಹಿಂದಕ್ಕೆ ಹೋಗಿರಬೇಕು.

ಅದನ್ನು ಅಳೆಯಲು ಬೇಕಾದದ್ದು ಗಾರೆ ಕೆಲಸದವರ ತೂಗುಗುಂಡು, ಸೀಮೆಸುಣ್ಣ, ಟೇಪು. ಕಾರಿನಡಿ ಪೆಟ್ಟು ತಿನ್ನದ ಎರಡು ಜಾಗಗಳನ್ನು ಎಡಬಲ ಆರಿಸಿ, ಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಬೇಕು. ಅದೇ ರೀತಿ ಮುಂದಿನ ಕೆಳತೋಳುಗಳ ತುದಿಗೆ, ಟೈ ಬಾರ್ ಕೂರುವ ಜಾಗಕ್ಕೆ. ಕಾರು ಪಕ್ಕಕ್ಕೆ ತಳ್ಳಿ ನೆಲದ ಚುಕ್ಕಿಗಳನ್ನು ಅಳೆದರೆ ಎಡಬಲ ಒಂದೇ ಬರಬೇಕು, ಮೂಲೆಯಿಂದ ಮೂಲೆಗೂ ಒಂದೇ ಬರಬೇಕು. ರಂಗೋಲಿ ಹಾಕುವವರಿಗೆ ಈ ಚುಕ್ಕಿಗಳ ಶಿಸ್ತು ಹೇಳಿಕೊಡಬೇಕಿಲ್ಲ, ನಮ್ಮ ಮನೆಯಾಕೆಯೇ ಮೊದಲು ಹೇಳಿದ್ದು: "ಎಡಗಡೆ ಚುಕ್ಕಿ ಸಾಲು ತಪ್ಪಿದೆ." ಎಡತೋಳಿನ ತುದಿ ಒಂಬತ್ತು ಮಿಲಿಮೀಟರ್ ಹಿಂದಿತ್ತು.

ಒಂಬತ್ತು ಮಿಲಿಮೀಟರ್ ಅಂದರೆ ಕಿರುಬೆರಳಿನ ದಪ್ಪ. ಅದಕ್ಕೇಕೆ ಇಷ್ಟು ರಂಪ? ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದನ್ನು ನೋಡಿದ್ದೀರಿ. ಕೈ ಬಿಟ್ಟರೂ ಸೈಕಲ್ ನೆಟ್ಟಗೆ ಹೋಗಲು ಆ ಓರೆಯೂ ನೆರವಾಗುತ್ತದೆ. ಕಾರಿನ ಮುಂದಿನ ಚಕ್ರಕ್ಕೂ ಅಂಥದೇ ಓರೆಯಿದೆ, ಕ್ಯಾಸ್ಟರ್ ಎನ್ನುತ್ತಾರೆ. ಮೈನರ್ ಕಾರಿಗೆ ಅದು ಮೂರು ಡಿಗ್ರಿ. ಕೆಳತುದಿ ಹಿಂದಕ್ಕೆ ಹೋದರೆ ಓರೆ ಕಡಿಮೆಯಾಗುತ್ತದೆ, ಚಕ್ರಕ್ಕೆ ತಾನಾಗಿ ನೆಟ್ಟಗಾಗುವ ಬಲ ಕುಂದುತ್ತದೆ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ನಮ್ಮನ್ನು ಕರೆದೊಯ್ಯಲು ಬಂದವರು ಸೂಟ್‌ಕೇಸಿನ ಟ್ರಾಲಿ ತಳ್ಳಿರುತ್ತೀರಿ. ಅದರ ಒಂದು ಪುಟ್ಟ ಚಕ್ರ ಪಟಪಟ ಬಡಿದುಕೊಳ್ಳುತ್ತದಲ್ಲ, ನಮ್ಮ ಕಾರಿನ ಎಡ ಚಕ್ರ ಮಾಡುತ್ತಿದ್ದದ್ದು ಹೆಚ್ಚುಕಡಿಮೆ ಅದೇ. ಮನೆಯ ಅಳತೆಯನ್ನು ಗ್ಯಾರೇಜಿನವರು ಒಪ್ಪುವುದಿಲ್ಲವೆಂದು, 60 ಪೌಂಡ್ ಕೊಟ್ಟು ಬೇರೊಂದು ಕಡೆ ಅಲೈನ್‌ಮೆಂಟ್ ಯಂತ್ರದಲ್ಲಿ ನೋಡಿಸಿದೆವು. ಬಲಗಡೆ 3 ಡಿಗ್ರಿ, ಎಡಗಡೆ 1 ಡಿಗ್ರಿ ಚಿಲ್ಲರೆ.

ಕಷ್ಟದ ಪ್ರಶ್ನೆ ಈಗ ಎದುರಾಯಿತು. ನಮ್ಮ ವಿಮೆಯಲ್ಲಿ ಕಾರಿಗೆ ಮೊದಲೇ ಒಪ್ಪಿಕೊಂಡ ಬೆಲೆ 7,000 ಪೌಂಡ್. ರಿಪೇರಿ ಆಗಲೇ 3,900. ಷಾಸಿಯ ಮೂತಿ ಎಳೆದು ನೇರ ಮಾಡಿ, ಸರಳು, ಬುಷ್ ಹಾಕಲು ಇನ್ನೂ 1,150 ಎಂದು ಅಂದಾಜು ಬಂತು. ಖರ್ಚು ಬೆಲೆಗೆ ಹತ್ತಿರವಾದಷ್ಟೂ ವಿಮಾ ಕಂಪನಿ ಕಾರನ್ನು ನಷ್ಟವೆಂದು ಬರೆದುಹಾಕಬಹುದು. ಹಾಗೆ ಬರೆದು ಷಾಸಿಗೆ ಪೆಟ್ಟಾದ ಕಾರನ್ನು ಇಲ್ಲಿ 'ಎಸ್' ವರ್ಗ ಎಂದು ದಾಖಲಿಸುತ್ತಾರೆ. ರಿಪೇರಿಯಾಗಿ ಮತ್ತೆ ರಸ್ತೆಗಿಳಿದರೂ ಆ ಹಣೆಬರಹ ಅಳಿಯುವುದಿಲ್ಲ. ದಾವಣಗೆರೆಯವರ ವಾದ ಸರಳವಾಗಿತ್ತು: ಬಾಯಿ ಬಿಡುವುದೇ ಬೇಡ, ಸಾವಿರ ಚಿಲ್ಲರೆ ಪೌಂಡನ್ನು ಮೂರು ಪಾಲು ಮಾಡಿ ನಾವೇ ಮಾಡಿಸೋಣ, ಕಾರಾದರೂ ಉಳಿಯುತ್ತದೆ. ಮಾತಿನಲ್ಲಿ ಹುರುಳಿತ್ತು. ಒಂದು ಸಂಜೆಯೆಲ್ಲ ಚರ್ಚೆ ನಡೆಯಿತು, ಚಿತ್ರಾನ್ನ ತಣ್ಣಗಾಯಿತು. ಕೊನೆಗೆ ತಿಳಿಸುವುದೆಂದೇ ತೀರ್ಮಾನವಾಯಿತು. ತೃಪ್ತಿಯ ಕಾಗದಕ್ಕೆ ಸಹಿ ಮಾಡಿ, ಒಳಗೊಳಗೇ ಷಾಸಿ ಎಳೆಸಿದರೆ, ನಾಳೆ ಇನ್ನೊಂದು ಅಪಘಾತವಾದಾಗ ಹಳೆಯ ಪೆಟ್ಟು ಯಾರದೆಂದು ಕೇಳಿದರೆ ನಮ್ಮ ಕೈಯಲ್ಲಿರುವುದು ನಮ್ಮದೇ ಸಹಿ. ಅದೂ ಚಾರ್ಟರ್ಡ್ ಅಕೌಂಟೆಂಟರ ಸಹಿ.

ದೂರಿನ ಪತ್ರದಲ್ಲಿ ಸಿಟ್ಟಿನ ಒಂದು ಪದವಿರಲಿಲ್ಲ. ವೇಗದ ಪಟ್ಟಿ, ಪೆನ್ಸಿಲಿನ ಫೋಟೊ, ವಾಷರುಗಳ ಫೋಟೊ, ನೆಲದ ಚುಕ್ಕಿಗಳ ಅಳತೆ, ಅಲೈನ್‌ಮೆಂಟ್ ಯಂತ್ರದ ಚೀಟಿ, ಇಷ್ಟೇ. ವಿಮಾ ಕಂಪನಿಯೇ ಆರಿಸಿದ ಗ್ಯಾರೇಜಿನ ಕೆಲಸಕ್ಕೆ ಕಂಪನಿಯೇ ಹೊಣೆ ಎಂಬುದು ಇಲ್ಲಿನ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಸಾಮಾನ್ಯವಾಗಿ ಹಿಡಿಯುವ ನಿಲುವು. ದೂರು ಕೊಟ್ಟ ಎಂಟು ವಾರದೊಳಗೆ ಕಂಪನಿ ಅಂತಿಮ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ಅಲ್ಲಿಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ. ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಹನ್ನೊಂದು ದಿನಕ್ಕೆ ಕಂಪನಿಯ ಎಂಜಿನಿಯರ್ ಬಂದರು, ಬಗ್ಗಿ ವಾಷರ್ ಎಣಿಸಿದರು, ನಕ್ಕರು. ಕಾರನ್ನು ಬರೆದುಹಾಕಲಿಲ್ಲ. ಹಳೇ ಕಾರುಗಳ ಷಾಸಿ ಎಳೆಯುವ ಚೌಕಟ್ಟು ಇರುವ ಬೇರೆ ಗ್ಯಾರೇಜಿಗೆ ಕಳಿಸಿ, ಹೆಚ್ಚುವರಿ ಖರ್ಚನ್ನೂ ಭರಿಸಿದರು.

ಗಲ್ಫಿನಲ್ಲಿ, ಆಸ್ಟ್ರೇಲಿಯಾದಲ್ಲಿ ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವ ನಿಮ್ಮ ಮಕ್ಕಳಿಗೂ ಪೆನ್ಸಿಲ್, ಬ್ರೇಕಿನ ಉಪಾಯ, ತೂಗುಗುಂಡು ಇವಿಷ್ಟು ಸಾಕಾಗುತ್ತವೆ. ಹೊಸ ಕಾರಿನ ಅಡಿಭಾಗ ಬೇರೆ ಥರ ಇದ್ದರೂ, ಗುದ್ದು ತಿಂದ ಕಡೆಯನ್ನು ತಿನ್ನದ ಕಡೆಯ ಜೊತೆ ಹೋಲಿಸುವುದು ಬದಲಾಗುವುದಿಲ್ಲ. ಒಂದೇ ಕಡೆ ಹೊಸ ಬೋಲ್ಟು, ಒಂದೇ ಕಡೆ ಹೆಚ್ಚು ವಾಷರ್, ಬಣ್ಣ ಕಿತ್ತ ನಟ್ಟು ಕಂಡರೆ ಬೆಲೆ ಮಾತಾಡುವ ಮೊದಲು ಅಳತೆ ಮಾಡಿಸಲಿ.

ನಮ್ಮ ಕಾರು ಎರಡು ವಾರಕ್ಕೆ ವಾಪಸು ಬಂತು. ಎಡಗಡೆ ಈಗ ಕ್ಯಾಸ್ಟರ್ ಎರಡೂ ಮುಕ್ಕಾಲು ಡಿಗ್ರಿ. ವಾಷರ್ ಎರಡೂ ಕಡೆ ಒಂದೊಂದು. ಅದೇ ಎರಡು ಮೈಲಿ ರಸ್ತೆಯಲ್ಲಿ ಮೊಬೈಲ್ ಕಟ್ಟಿಕೊಂಡು ಓಡಿಸಿದೆವು. ಮ್ಯಾನ್‌ಹೋಲ್ ಹತ್ತಿಸಿದರೆ ಒಂದು ಸಣ್ಣ ಜರ್ಕು, ಅಷ್ಟೇ. 52 ಮೈಲಿಯಲ್ಲಿ ಬೆರಳಿಗೆ ಮಾತ್ರ ತಿಳಿಯುವ ಒಂದು ಝುಂ ಇನ್ನೂ ಉಳಿದಿದೆ. ಬಲ ಟೈರಿನ ಬದಿಯಲ್ಲಿ ಅಚ್ಚಾದ ನಾಲ್ಕಂಕಿ ಓದಿದರೆ 3611, ಅಂದರೆ 2011ರ ಮೂವತ್ತಾರನೇ ವಾರದಲ್ಲಿ ತಯಾರಾದದ್ದು. ಅದು ವ್ಯಾನಿನವರ ಖಾತೆಗೆ ಹಾಕುವ ಖರ್ಚಲ್ಲ. ಗ್ಯಾರೇಜಿನ ಕಾಗದಕ್ಕೆ ಸಹಿ ಹಾಕಿ, ಹೊಸ ಟೈರುಗಳಿಗೆ ನಮ್ಮ ದುಡ್ಡಿನಿಂದ ಆರ್ಡರ್ ಕೊಟ್ಟಿದ್ದೇವೆ. ಅವು ಬರುವ ತನಕ ಉಡುಪಿಯ ಹುಡುಗಿಗೆ 40 ಮೈಲಿ ಮಿತಿ.